ಮೂಗಿನ ಮನೆ

ಬಾಯಿಗೆ ಬಂದದ್ದು ನೀರೋ ಪೆಟ್ರೋಲೋ ಎಂದು ಮಿಲುಟಿನ್‌ಗೆ ತಿಳಿಯಲಿಲ್ಲ. ತಣ್ಣಗಿತ್ತು, ಅಷ್ಟೆ. ಕೊಳವೆಯ ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿ, ನೆಲದ ಮೇಲಿದ್ದ ಕಂದು ಬಾಟಲಿಯ ಕತ್ತಿಗೆ ಇಳಿಬಿಟ್ಟು, ಪಕ್ಕಕ್ಕೆ ತಿರುಗಿ ಉಗಿದ. ಮತ್ತೊಮ್ಮೆ ಉಗಿದ. ನಾಲಿಗೆ ಸ್ವಲ್ಪ ಜುಮ್ಮೆಂದಿತು, ಆಮೇಲೆ ಅದೂ ಇಲ್ಲ. ಹುಲ್ಲು ಕತ್ತರಿಸುವ ಮೆಷಿನ್ನಿನ ಟ್ಯಾಂಕಿನಲ್ಲಿ ಉಳಿದಿದ್ದ ಪೆಟ್ರೋಲು ಬಾಟಲಿಯೊಳಕ್ಕೆ ಸಣ್ಣಗೆ ಸದ್ದು ಮಾಡುತ್ತ ಇಳಿಯತೊಡಗಿತು. ಹಿಂದೆಲ್ಲ ಹೀಗೆ ಬಾಯಿಗೆ ಬಂದುಬಿಟ್ಟರೆ ಒಳಗೆ ಓಡಿ ಹಾಲು ಮುಕ್ಕಳಿಸುತ್ತಿದ್ದ, ಮೀಸೆಗೆ ಹತ್ತಿದ ನಾತ ಎರಡು ದಿನ ಹೋಗುತ್ತಿರಲಿಲ್ಲ, ಹೆಂಡತಿ ಜಗೋರ್ಕಾ ತಲೆದಿಂಬು ಎತ್ತಿಕೊಂಡು ಅಡುಗೆಮನೆಯ ಬೆಂಚಿನ ಮೇಲೆ ಮಲಗುತ್ತಿದ್ದಳು. ಈಗ ಅವಳು ಯಾಕೆ ಏನೂ ಅನ್ನುವುದಿಲ್ಲ ಎಂಬ ಯೋಚನೆ ಬಂತು. ಅದನ್ನು ಅಲ್ಲಿಗೇ ಬಿಟ್ಟ. ಇಂಥ ಯೋಚನೆಗಳನ್ನು ಪೂರ್ತಿ ಮಾಡದೆ ಬಿಡುವುದನ್ನು ಅವನು ಈ ಮೂರು ವರ್ಷದಲ್ಲಿ ಕಲಿತಿದ್ದ.

ಚಳಿಗಾಲದ ಹೊಸ್ತಿಲಿನ ಮಿತ್ರೋವ್ದಾನ್ ಹಬ್ಬ ಹತ್ತಿರ ಬಂದಿತ್ತು. ಆ ಹೊತ್ತಿಗೆ ಹೊರಗಿನದೆಲ್ಲ ಒಳಗೆ ಸೇರಿರಬೇಕು. ಅಪ್ಪನ ಕಾಲದಲ್ಲಿ ಕುಡುಗೋಲಿಗೆ ಹಂದಿಯ ಕೊಬ್ಬು ಸವರಿ, ಗೋಣಿ ಸುತ್ತಿ, ಕೊಟ್ಟಿಗೆಯ ಜಂತಿಗೆ ಸಿಕ್ಕಿಸಿದರೆ ಮುಗಿಯಿತು. ಮೆಷಿನ್ನಿಗೆ ಅಷ್ಟು ಸಾಲದು. ಪೆಟ್ರೋಲು ಒಳಗೇ ಉಳಿದರೆ ಚಳಿಗಾಲ ಕಳೆಯುವಷ್ಟರಲ್ಲಿ ಅಂಟಾಗಿ ಸಣ್ಣ ಸಣ್ಣ ತೂತುಗಳಲ್ಲಿ ಕೂತುಬಿಡುತ್ತದೆ. ಹೊಟ್ಟೆಯಡಿಯ ಹುಲ್ಲು ಕೆರೆಯದೆ ಬಿಟ್ಟರೆ ಕಬ್ಬಿಣವನ್ನು ತಿನ್ನುತ್ತದೆ. ಬೇಸಿಗೆಯೆಲ್ಲ ಪ್ಲಮ್ ಮರಗಳ ಅಡಿಯಲ್ಲಿ ಓಡಾಡಿದ ಮೆಷಿನ್ನು ಇದು. ಹುಲ್ಲು ಕುಳ್ಳಗಿದ್ದರೆ ಉದುರಿದ ಹಣ್ಣು ಕಣ್ಣಿಗೆ ಬೀಳುತ್ತದೆ, ಬಗ್ಗಿ ಆಯುವವರ ಸೊಂಟ ಉಳಿಯುತ್ತದೆ. ಆಯ್ದ ಹಣ್ಣು ಪೀಪಾಯಿಯಲ್ಲಿ ಹುಳಿಬಂದು, ಭಟ್ಟಿಗೆ ಏರಿ, ರಾಕಿಯಾ ಆಗಿ ಇಳಿಯುತ್ತದೆ. ಇವತ್ತು ಆಚೆಮನೆ ಓಬ್ರೆನ್‌ನ ಭಟ್ಟಿ. ಈ ಬೆಟ್ಟದ ಮಗ್ಗುಲಲ್ಲಿ ಈ ವರ್ಷದ ಕೊನೆಯ ಭಟ್ಟಿ. ಮಧ್ಯಾಹ್ನ ಕರೆಯುತ್ತಾರೆ. ಹೋಗಲೇಬೇಕು.

ಹೋಗದೆ ಉಳಿಯಲು ಎದ್ದಾಗಿನಿಂದ ಒಂದು ನೆಪ ಹುಡುಕುತ್ತಿದ್ದ, ಸಿಕ್ಕಿರಲಿಲ್ಲ. ಭಟ್ಟಿಯಿಂದ ಮೊದಲು ಇಳಿಯುವುದು ಕುಡಿಯುವಂಥದ್ದಲ್ಲ. ಕಟು, ತಲೆ ಒಡೆಯುತ್ತದೆ. ಅದನ್ನು ಬೇರೆ ಹಿಡಿದು ಕೈಕಾಲಿಗೆ ತಿಕ್ಕಲು ಇಟ್ಟುಕೊಳ್ಳುತ್ತಾರೆ. ಅದು ಮುಗಿದು ಒಳ್ಳೆಯದು ಶುರುವಾಗುವ ಗಳಿಗೆಯನ್ನು ಯಾರಾದರೂ ಹೇಳಬೇಕು. ಈ ಊರಿನಲ್ಲಿ ಅದನ್ನು ಹೇಳುತ್ತಿದ್ದವನು ಮಿಲುಟಿನ್‌ನ ಅಪ್ಪ, ಅವನಿಗೂ ಮುಂಚೆ ಅಪ್ಪನ ಚಿಕ್ಕಪ್ಪ. ಅಪ್ಪನ ನಂತರ ಮಿಲುಟಿನ್. ಇವರ ಮನೆಗೆ ಮೂಗಿನ ಮನೆ ಎಂದೇ ಹೆಸರು. ಪುಟ್ಟ ಲೋಟದಲ್ಲಿ ಹನಿ ಹಿಡಿದು ಕೊಡುತ್ತಾರೆ, ಮೂಗಿನ ಹತ್ತಿರ ತರುತ್ತಾನೆ, ಅಲ್ಲ ಎಂದು ತಲೆಯಾಡಿಸುತ್ತಾನೆ, ಮತ್ತೆ ಕೊಡುತ್ತಾರೆ, ಕೊನೆಗೊಮ್ಮೆ ‘ಈಗ’ ಅನ್ನುತ್ತಾನೆ. ಅಷ್ಟೇ ಮಾತು. ಆ ಮಾತಿಗೆ ಪಾತ್ರೆ ಬದಲಾಗುತ್ತದೆ. ಎಲ್ಲರೂ ಬಾಯಿಮೂಗು ಕಟ್ಟಿಕೊಂಡು ಓಡಾಡಿದ ಆ ವರ್ಷ ಮಿಲುಟಿನ್‌ಗೂ ಜ್ವರ ಬಂದು, ಜ್ವರ ಇಳಿದ ಮೇಲೆ ಒಂದು ಬೆಳಿಗ್ಗೆ ಕಾಫಿ ಬರೀ ಬಿಸಿನೀರಾಗಿತ್ತು. ಮಲಗುವ ಕೋಣೆಗೆ ಹೋದ. ಬೀರುವಿನ ಮೇಲೆ ಜಗೋರ್ಕಾ ಪ್ರತಿವರ್ಷದಂತೆ ಸೇಬಿನಂಥ ದುನ್ಯಾ ಹಣ್ಣುಗಳನ್ನು ಸಾಲಾಗಿ ಇಟ್ಟಿದ್ದಳು, ತಿನ್ನಲಿಕ್ಕಲ್ಲ, ಕೋಣೆ ಘಮಘಮ ಅನ್ನಲಿ ಎಂದು. ಒಂದನ್ನು ತೆಗೆದು ಮೂಗಿಗೆ ಒತ್ತಿ ಹಿಡಿದ. ಹಳದಿ ಬಣ್ಣ ಇತ್ತು, ಸಿಪ್ಪೆಯ ಮೇಲಿನ ಸಣ್ಣ ರೋಮ ಮೂಗಿನ ತುದಿಗೆ ತಾಗಿತು. ಮತ್ತೇನೂ ಇರಲಿಲ್ಲ. ಹಣ್ಣನ್ನು ಹಿಂದಕ್ಕೆ ಇಟ್ಟು, ಇದ್ದ ಹಾಗೇ ಇದೆಯೇ ಎಂದು ನೋಡಿ, ಬಾಗಿಲು ಹಾಕಿಕೊಂಡು ಬಂದ. ಬರುತ್ತದೆ ಅಂದುಕೊಂಡಿದ್ದ. ಪ್ರತಿ ಬೆಳಿಗ್ಗೆ ಅಂದುಕೊಂಡ. ಯಾರಿಗೂ ಹೇಳಲಿಲ್ಲ. ಕೇಳಿದ್ದರೆ ಹೇಳುತ್ತಿರಲಿಲ್ಲ ಅಂತಲ್ಲ, ಯಾರೂ ಕೇಳಲಿಲ್ಲ.

ಟ್ಯಾಂಕು ಖಾಲಿಯಾಯಿತು. ಡಬ್ಬಿಯ ತಳದಲ್ಲಿ ಉಳಿದಿದ್ದ ಪೆಟ್ರೋಲನ್ನೂ ಅದೇ ಬಾಟಲಿಗೆ ಬಗ್ಗಿಸಿ, ಮುಚ್ಚಳ ತಿರುಗಿಸಿ, ಗೋಡೆಯ ಪಕ್ಕದ ಹಲಗೆಯ ಮೇಲಿಟ್ಟ. ಅದು ಬಿಯರಿನ ದೊಡ್ಡ ಪ್ಲಾಸ್ಟಿಕ್ ಬಾಟಲಿ. ಊರಿನಲ್ಲಿ ರಾಕಿಯಾ, ವಿನೆಗರು, ಪೆಟ್ರೋಲು, ಪಾದ್ರಿಯವರು ಹರಸಿ ಕೊಟ್ಟ ನೀರು, ಎಲ್ಲಕ್ಕೂ ಅದೇ ಬಾಟಲಿ. ಹಲಗೆಯ ಮೇಲೆ ಅಂಥದ್ದೇ ಇನ್ನೊಂದು ಇತ್ತು, ಬೆಳಿಗ್ಗೆ ಮೆಷಿನ್ ಶುರು ಮಾಡುವ ಹಗ್ಗ ಎಳೆದು ಎಳೆದು ಭುಜ ಹಿಡಿದುಕೊಂಡಾಗ ತಿಕ್ಕಿಕೊಳ್ಳಲು ನೆಲಮಾಳಿಗೆಯಿಂದ ತಂದದ್ದು, ಭಟ್ಟಿಯ ಮೊದಲ ಇಳಿತ. ಅದೂ ಅರ್ಧ, ಇದೂ ಅರ್ಧ. ಮೆಷಿನ್ನಿನ ಪ್ಲಗ್ಗಿನ ತಂತಿಯನ್ನು ಕಿತ್ತು, ಗಾಳಿ ಹೋಗುವ ಮಗ್ಗುಲು ಮೇಲಾಗುವಂತೆ ಅದನ್ನು ಹೊರಳಿಸಿ, ಮೊಣಕಾಲೂರಿ, ಮರದ ಚಕ್ಕೆಯಿಂದ ಹೊಟ್ಟೆಯಡಿ ಅಂಟಿದ್ದ ಹುಲ್ಲನ್ನು ಕೆರೆಯತೊಡಗಿದ. ಒಣಗಿ ಹಪ್ಪಳದಂತಾಗಿದ್ದ ಹುಲ್ಲು ಹಾಳೆ ಹಾಳೆಯಾಗಿ ಬಿತ್ತು. ಅದರಡಿ ಜೂನ್ ತಿಂಗಳ ಹುಲ್ಲು ಇನ್ನೂ ಹಸಿರಾಗಿತ್ತು. ಅದಕ್ಕೆ ಏನು ವಾಸನೆ ಇರಬೇಕು ಎಂದು ನೆನಪು ಮಾಡಿಕೊಳ್ಳಲು ನೋಡಿದ. ಮಾತು ನೆನಪಿಗೆ ಬಂತು, ವಾಸನೆ ಬರಲಿಲ್ಲ.

“ಮಾವಾ! ಮಿಲುಟಿನ್ ಮಾವಾ! ಎಲ್ಲಿದ್ದೀರಾ, ಮೆಷಿನ್ ಹೊಟ್ಟೆಯೊಳಗೇ ಹೊಕ್ಕೊಂಡ್ರಾ?”

ಓಬ್ರೆನ್‌ನ ಹೆಂಡತಿ ದೆಸಾಂಕಾ. ಕೆಳಗಿನ ರಸ್ತೆಯಲ್ಲಿ ಹಣ್ಣಿನ ಕೋಲ್ಡ್ ಸ್ಟೋರೇಜಿನ ವ್ಯಾನು ಹಾರ್ನು ಹೊಡೆಯುತ್ತಿತ್ತು. ಅವಳು ಅಲ್ಲಿ ರಾಸ್ಪ್‌ಬೆರಿ ಆರಿಸುವ ಕೆಲಸಕ್ಕೆ ಹೋಗುತ್ತಾಳೆ.

“ಇಲ್ಲೇ ಇದ್ದೀನಿ ಕಣಮ್ಮ.”

“ನಮ್ಮತ್ತೆಗೆ ಮತ್ತೆ ಮೊಣಕಾಲು ಹಿಡ್ಕೊಂಡಿದೆ. ರಾತ್ರಿಯೆಲ್ಲ ಸತ್ತೆ ಸತ್ತೆ ಅಂತ ಒಂದೇ ಸಮ, ಬೆಳಿಗ್ಗೆ ನೋಡಿದ್ರೆ ನನಗಿಂತ ಗಟ್ಟಿಯಾಗಿ ಕೂತಿದ್ದಾರೆ. ತಿಕ್ಕೋ ರಾಕಿಯಾ ನಮ್ಮಲ್ಲಿ ಮುಗಿದೋಯ್ತು. ಒಂಚೂರು ಇದ್ರೆ ಕೊಡಿ ಮಾವ. ಅವರ ಕೈಗೆ ಕೊಟ್ಟು ಓಡಬೇಕು, ಆ ಡ್ರೈವರ್ ನೋಡಿ, ಹೆಂಡತಿ ಹೆರಿಗೆಗೆ ಹೊರಟೋನ ಥರ ಹಾರ್ನ್ ಹೊಡೀತಾನೆ.”

ಮಿಲುಟಿನ್ ಎದ್ದ. ಮೊಣಕಾಲು ಚಟ್ಟೆಂದಿತು. ಹಲಗೆಯ ಮೇಲಿಂದ ಬಾಟಲಿ ತೆಗೆದು ಚಾಚಿದ.

“ಥೂ, ಏನು ಪೆಟ್ರೋಲ್ ನಾತ ಇಲ್ಲಿ! ತಲೆ ತಿರುಗುತ್ತೆ. ನೀವು ಹೆಂಗೆ ಕೂತಿದ್ದೀರೋ, ಅದೂ ನಿಮ್ಮ ಮೂಗಿಟ್ಕೊಂಡು.”

“ಹೌದೌದು, ವಿಪರೀತ ನಾತ,” ಎಂದು ಅವನು ಮುಖ ಸಿಂಡರಿಸಿ ಮೂಗಿನ ಮುಂದೆ ಕೈ ಬೀಸಿದ. ಆ ಕೈ ಬೀಸುವುದನ್ನು ಅವನು ಚೆನ್ನಾಗಿ ಕಲಿತಿದ್ದ. ಹೆಣದ ಮನೆಯಲ್ಲಿ ಧೂಪ ಹಾಕಿದಾಗ, ಜಗೋರ್ಕಾ ಮೆಣಸಿನಕಾಯಿ ಸುಡುವಾಗ, ಮಂದಿ ಏನು ಮಾಡುತ್ತಾರೆ ನೋಡಿಕೊಂಡು ಅರೆಗಳಿಗೆ ತಡೆದು ತಾನೂ ಮಾಡುತ್ತಿದ್ದ. ಒಮ್ಮೆ ಎಲ್ಲರೂ ಮೂಗು ಮುಚ್ಚಿಕೊಂಡಾಗ ಇವನು ಆಹಾ ಎಂದುಬಿಟ್ಟಿದ್ದ. ಅದನ್ನು ತಮಾಷೆ ಎಂದುಕೊಂಡು ನಕ್ಕಿದ್ದರು.

ದೆಸಾಂಕಾ ಬಾಟಲಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಪ್ಲಮ್ ತೋಪಿನ ನಡುವೆ ಓಡಿದಳು. ಅವಳ ಕೆಂಪು ತಲೆವಸ್ತ್ರ ಮಂಜಿನಲ್ಲಿ ಒಮ್ಮೆ ಕಂಡು ಮರೆಯಾಯಿತು.

ಅವನು ಮತ್ತೆ ಕೂತ. ಬ್ಲೇಡು ಬಿಚ್ಚಿ ಅರ ಹಾಕಿದ, ಎರಡು ಮಗ್ಗುಲೂ ಸಮ ತೂಗುತ್ತದೆಯೇ ಎಂದು ಗೋಡೆಯ ಮೊಳೆಗೆ ಸಿಕ್ಕಿಸಿ ನೋಡಿದ, ಎಣ್ಣೆ ಸವರಿ ಪಕ್ಕಕ್ಕಿಟ್ಟ. ಅಪ್ಪ ಹಾಸಿಗೆ ಹಿಡಿದಿದ್ದಾಗ ಒಂದು ದಿನ ಮಿಲುಟಿನ್ ಲೋಟದಲ್ಲಿ ರಾಕಿಯಾ ತಂದು ಮೂಗಿನ ಹತ್ತಿರ ಹಿಡಿದಿದ್ದ. ಕಣ್ಣು ಬಿಡದೆ ಅಪ್ಪ, ಇದು ನಮ್ಮದಲ್ಲ, ಮೇಲಿನ ಕೇರಿಯದು, ಹಣ್ಣಿನ ಜೊತೆ ಎಲೆ ಬಿದ್ದಿದೆ, ಎಂದಿದ್ದ. ಮೂರನೆಯ ದಿನಕ್ಕೆ ಸತ್ತ. ಸಾಯುವವನ ಮೂಗೂ ಅಷ್ಟು ಕೆಲಸ ಮಾಡುತ್ತಿತ್ತು. ಮಿಲುಟಿನ್ ಪ್ಲಗ್ಗನ್ನು ಬಿಚ್ಚಿ ಕೈಯಲ್ಲಿ ಹಿಡಿದ. ಮಸಿ ಕಟ್ಟಿತ್ತು. ಪೆಟ್ರೋಲಿನಲ್ಲಿ ಒರೆಸಿದರೆ ಹೋಗುತ್ತದೆ. ಹಲಗೆಯ ಮೇಲಿದ್ದ ಬಾಟಲಿಯಿಂದ ಬಟ್ಟೆಗೆ ಸ್ವಲ್ಪ ಹಾಕಿಕೊಂಡು ಉಜ್ಜಿದ. ಮಸಿ ಹೋಗಲಿಲ್ಲ. ಬೆರಳ ಮೇಲಿನ ಜಿಡ್ಡು ಕರಗದೆ ಅತ್ತಿತ್ತ ಜಾರಿತು. ಇನ್ನಷ್ಟು ಹಾಕಿ ಉಜ್ಜಿದ. ಬೆರಳುಗಳು ಒಂದಕ್ಕೊಂದು ಸ್ವಲ್ಪ ಅಂಟಿದವು.

ಅವನ ಕೈಗೆ ಗೊತ್ತಾಯಿತು. ತಲೆಗೆ ಗೊತ್ತಾಗಲು ಬಿಡದೆ ಇನ್ನೊಂದು ಸಲ ಉಜ್ಜಿದ. ಆಮೇಲೆ ಬಾಟಲಿಯನ್ನು ಆಕಾಶದ ಬೆಳಕಿಗೆ ಹಿಡಿದು, ಕತ್ತನ್ನು ಅಂಗೈಗೆ ಬಡಿದು ನೋಡಿದ. ಗುಳ್ಳೆಗಳು ಎದ್ದು, ಮಣಿಸರದಂತೆ ಅಂಚಿಗೆ ಕೂತು, ಅಲ್ಲೇ ನಿಂತವು. ಪೆಟ್ರೋಲಿನಲ್ಲಿ ಗುಳ್ಳೆ ಹಾಗೆ ನಿಲ್ಲುವುದಿಲ್ಲ. ರಾಕಿಯಾದಲ್ಲಿ ನಿಲ್ಲುತ್ತದೆ.

ಹಾಗಾದರೆ ದೆಸಾಂಕಾ ಕಂಕುಳಲ್ಲಿ ಇಟ್ಟುಕೊಂಡು ಹೋದದ್ದು.

ಓಬ್ರೆನ್‌ನ ತಾಯಿ ಸ್ತಾಮೆಂಕಾ ಬೆಳಗಿನಿಂದ ಸಂಜೆಯವರೆಗೆ ಕೂರುವುದು ಸೌದೆ ಒಲೆಯ ಪಕ್ಕ. ಒಲೆಯ ಬಾಗಿಲು ಸಡಿಲ. ಕಿಡಿ ಸಿಡಿದು ನೆಲದ ತಗಡಿನ ಮೇಲೆ ಬೀಳುವುದನ್ನು ಎಷ್ಟೋ ಸಲ ಅವನೇ ನೋಡಿದ್ದಾನೆ. ಲಂಗವನ್ನು ಮೇಲೆ ಸರಿಸಿ, ಬೊಗಸೆ ತುಂಬ ಸುರಿದುಕೊಂಡು, ಎರಡೂ ಮೊಣಕಾಲು ತಿಕ್ಕಿ, ಉಣ್ಣೆಯ ಬಟ್ಟೆ ಸುತ್ತಿ, ಬೆಂಕಿಗೆ ಇನ್ನೂ ಹತ್ತಿರ ಸರಿಯುತ್ತಾಳೆ. ಉಣ್ಣೆ ಎಲ್ಲವನ್ನೂ ಹೀರಿಕೊಳ್ಳುತ್ತದೆ. ಇಲ್ಲ, ಅವಳಿಗೆ ವಾಸನೆ ತಿಳಿಯುತ್ತದೆ. ತಿಳಿಯುತ್ತದೆಯೇ? ಎಂಬತ್ತು ದಾಟಿದವಳು, ಆ ವರ್ಷ ಅವಳಿಗೂ ಜ್ವರ ಬಂದಿತ್ತು. ಮೊದಲ ಇಳಿತವೂ ಕಟುವೇ, ಬಣ್ಣದ ಡಬ್ಬಿ ತೆರೆದ ಹಾಗೆ ಮೂಗಿಗೆ ಹೊಡೆಯುತ್ತದೆ, ಮಿಲುಟಿನ್ ಕೊಟ್ಟದ್ದಲ್ಲವೇ ಸರಿಯಾಗೇ ಇರುತ್ತದೆ ಅಂದುಕೊಂಡರೆ? ಇಡೀ ಊರು ಮೂಗಿನ ಮನೆಯಿಂದ ಬಂದದ್ದನ್ನು ಮೂಸಿ ನೋಡುವುದಿಲ್ಲ. ಅಥವಾ ಕೊಟ್ಟದ್ದು ಸರಿಯೇ ಇದ್ದು ತನಗೇ ಭ್ರಮೆಯೋ? ಮೂರನೆಯ ಬಾಟಲಿ ಒಂದಿತ್ತೇ? ಅಡುಗೆಮನೆಯಲ್ಲಿ ಜಗೋರ್ಕಾ ಎಲೆಕೋಸನ್ನು ಪೀಪಾಯಿಗೆ ತುಂಬುವ ಸದ್ದು ಕೇಳುತ್ತಿತ್ತು. ಕರೆದರೆ ಬರುತ್ತಾಳೆ. ಇದನ್ನು ಮೂಸು, ಏನು ಹೇಳು. ಅಷ್ಟೇ. ಅವಳು ಮೂಸಿ, ಹೇಳಿ, ಆಮೇಲೆ ಅವನ ಮುಖ ನೋಡುತ್ತಾಳೆ. ಆ ನೋಟವನ್ನು ಅವನು ಆಗಲೇ ನೋಡಿಬಿಟ್ಟವನಂತೆ ಕಣ್ಣು ತಗ್ಗಿಸಿದ. ಓಬ್ರೆನ್‌ಗೆ ಫೋನು ಮಾಡಬಹುದು. ಏನೆಂದು? ಬಾಟಲಿ ಅದಲುಬದಲಾಯಿತು. ಹೇಗಣ್ಣಾ, ನಿನಗಾ? ಎಂದು ಕೇಳುತ್ತಾನೆ. ಪಕ್ಕದಲ್ಲಿ ಗ್ವೋಜ್ಡೆನ್ ಇರುತ್ತಾನೆ, ಬಸ್ಸು ಓಡಿಸಿ ನಿವೃತ್ತನಾದವನು, ಅವನ ಬಾಯಿಗೆ ಬಿದ್ದದ್ದು ಸಂಜೆಯೊಳಗೆ ಕಣಿವೆಯ ಆಚೆಗೂ ಮುಟ್ಟುತ್ತದೆ.

ಅವನು ಪ್ಲಗ್ಗನ್ನು ಅದರ ಜಾಗದಲ್ಲಿ ಇಟ್ಟು ತಿರುಗಿಸಿ ಬಿಗಿ ಮಾಡಿದ. ಆಮೇಲೆ ಎಷ್ಟೋ ಸಲ ಇದು ನೆನಪಾಗಲಿತ್ತು: ಮೊದಲು ಪ್ಲಗ್ಗನ್ನು ಬಿಗಿ ಮಾಡಿದ, ಬಟ್ಟೆಯಲ್ಲಿ ಕೈ ಒರೆಸಿಕೊಂಡ, ಟೋಪಿ ಸರಿಮಾಡಿಕೊಂಡ. ಹೇಳಬೇಕಾದ ಸುಳ್ಳು ಅಷ್ಟರಲ್ಲಿ ಸಿಕ್ಕಿತ್ತು. ಚಿಕ್ಕಮ್ಮಾ, ಅದು ಹಳೆಯದು, ಸತ್ವ ಇಲ್ಲ, ಹೊಸದು ತಂದಿದ್ದೀನಿ. ಬಾಟಲಿ ಕೈಗೆ ತೆಗೆದುಕೊಂಡು ಹೊರಟ.

ನಡೆದ. ಊಟಕ್ಕೆ ಮುಂಚೆ ಆಚೆಮನೆಗೆ ಹೋಗಿ ಬರುವವರು ಹೇಗೆ ನಡೆಯುತ್ತಾರೋ ಹಾಗೆ. ಓಡಿದರೆ ಓಬ್ರೆನ್ ಕೊಟ್ಟಿಗೆಯಿಂದ ನೋಡುತ್ತಾನೆ, ಯಾಕೆ ಓಡಿದೆ ಅನ್ನುತ್ತಾನೆ, ಸುಳ್ಳು ನಿಲ್ಲುವುದಿಲ್ಲ. ಮಂಜು ಈಗ ತೆಳುವಾಗಿತ್ತು, ತೋಪಿನಲ್ಲಿ ಎಲೆ ಒದ್ದೆಯಾಗಿ ಕಾಲಿಗೆ ಅಂಟುತ್ತಿತ್ತು. ತಾನೇ ಕತ್ತರಿಸಿದ ಹುಲ್ಲು, ಸಾಲು ಸಾಲು ನೆಟ್ಟಗಿತ್ತು, ಇದೊಂದನ್ನಾದರೂ ಇನ್ನೂ ಸರಿಯಾಗಿ ಮಾಡುತ್ತೇನೆ ಎಂದುಕೊಂಡ. ಹಾಗೆ ಅಂದುಕೊಳ್ಳುತ್ತಿರುವಾಗಲೇ ಸ್ತಾಮೆಂಕಾ ಬೊಗಸೆ ಹಿಡಿದಿರಬಹುದು. ಹೋದ ವರ್ಷದ ಭಟ್ಟಿಯಲ್ಲಿ ಅವನು ‘ಈಗ’ ಅಂದದ್ದು ನೂಲಿನಷ್ಟು ಸಣ್ಣ ಧಾರೆಯನ್ನು ನೋಡಿ, ಗುಳ್ಳೆ ನೋಡಿ, ಬೆರಳ ನಡುವೆ ತಿಕ್ಕಿ ನೋಡಿ. ಸರಿಯಾಗೇ ಬಂದಿತ್ತು. ಕುಡಿದವರು ಹೊಗಳಿದ್ದರು. ಮೂಗಿಲ್ಲದೆಯೂ ಆಗುತ್ತದೆ ಎಂದು ಅವತ್ತು ಮನೆಗೆ ಬರುವಾಗ ಎದೆ ಉಬ್ಬಿತ್ತು. ಅವತ್ತೂ ಬೆಂಕಿಯ ಮುಂದೆ ಓಬ್ರೆನ್ ಯಾವತ್ತಿನಂತೆ ಬೋಳುತಲೆಯಲ್ಲಿ ನಿಂತಿದ್ದ, ಎಷ್ಟು ಚಳಿ ಇದ್ದರೂ ಭಟ್ಟಿಯ ದಿನ ಅವನು ಟೋಪಿ ಹಾಕುವುದಿಲ್ಲ, ಸೆಕೆಯಣ್ಣಾ ಅನ್ನುತ್ತಾನೆ.

ತೋಪಿನ ತುದಿಗೆ ಬಂದು ತಲೆಯೆತ್ತಿದ. ಓಬ್ರೆನ್‌ನ ಮನೆಯ ಹಿಂದಿನಿಂದ ಹೊಗೆ ಏಳುತ್ತಿತ್ತು. ಚಿಮಣಿಯಿಂದಲ್ಲ. ಕಪ್ಪಗೆ, ದಪ್ಪಗೆ, ನೆಲದಿಂದಲೇ ಉಬ್ಬಿ ಬರುತ್ತಿದ್ದ ಹೊಗೆ.

ಆಗ ಓಡಿದ. ಟೋಪಿ ಎಲ್ಲಿ ಬಿತ್ತೋ ಗೊತ್ತಾಗಲಿಲ್ಲ. ತೊರೆಯ ಮೇಲಿನ ಹಲಗೆಯಲ್ಲಿ ಕಾಲು ಜಾರಿ ಒಂದು ಕಾಲು ಮೊಣಕಾಲಿನವರೆಗೆ ನೀರಿಗೆ ಹೋಯಿತು, ಬಾಟಲಿಯನ್ನು ಮಾತ್ರ ಎತ್ತಿ ಹಿಡಿದಿದ್ದ. ಬೇಲಿಯ ಬಾಗಿಲಿನ ಅಗುಳಿಯನ್ನು ಮೊಣಕೈಯಿಂದ ಗುದ್ದಿ ತೆರೆದ.

ಅಂಗಳದ ಚಪ್ಪರದಡಿ ತಾಮ್ರದ ಭಟ್ಟಿ, ಅದರ ಕೆಳಗೆ ಬೆಂಕಿ. ಗ್ವೋಜ್ಡೆನ್ ಹಸಿ ಪ್ಲಮ್ ಕೊಂಬೆಗಳನ್ನು ತುರುಕಿ ಊದುತ್ತಿದ್ದ. ಹೊಗೆ ಅಲ್ಲಿಂದ.

“ನೋಡೋ ಓಬ್ರೆನ್, ನಿಮ್ಮ ಮೂಗು ಓಡಿ ಬಂತು!” ಗ್ವೋಜ್ಡೆನ್ ಕಣ್ಣೊರೆಸಿಕೊಂಡ. “ಹನಿ ಬೀಳೋಕೆ ಮುಂಚೆ ಅಲ್ಲಿಂದಲೇ ವಾಸನೆ ಬಡೀತೇನೋ?”

“ಏನಣ್ಣಾ, ಒಂದು ಕಾಲು ಒದ್ದೆ, ಟೋಪಿ ಇಲ್ಲ?” ಓಬ್ರೆನ್ ಸೌದೆ ಕೆಳಗಿಟ್ಟ. “ಇನ್ನೂ ಇಳೀತಾ ಇಲ್ಲ. ಕರೀತಿದ್ವಲ್ಲ.”

“ಚಿಕ್ಕಮ್ಮ ಎಲ್ಲಿ?”

“ಒಳಗೆ, ಒಲೆ ಹತ್ತಿರ. ಇನ್ನೆಲ್ಲಿ.”

ಅವನು ಅಡುಗೆಮನೆಯ ಬಾಗಿಲನ್ನು ಮೈಯಿಂದಲೇ ತಳ್ಳಿದ. ಸ್ತಾಮೆಂಕಾ ಒಲೆಯ ಪಕ್ಕ ಕೂತಿದ್ದಳು. ಲಂಗ ಮೊಣಕಾಲಿನ ಮೇಲಿತ್ತು. ಮೊಣಕಾಲುಗಳು ಮಿರಮಿರ ಹೊಳೆಯುತ್ತಿದ್ದವು. ಒಲೆಯ ಬಾಗಿಲಿನ ಸಂದಿಯಲ್ಲಿ ಬೆಂಕಿ ಕೆಂಪಗೆ ಕಾಣುತ್ತಿತ್ತು.

“ಮುಟ್ಟಬೇಡ!” ಎಂದ. ದನಿ ಕೀರಲಾಗಿ ಹೊರಬಂತು.

“ಯಾರನ್ನ, ನನ್ನನ್ನಾ? ಈ ವಯಸ್ಸಲ್ಲಿ ನನ್ನ ಮುಟ್ಟೋರು ಯಾರಿದ್ದಾರಪ್ಪ.” ಮುದುಕಿ ಪಕ್ಕದಲ್ಲಿದ್ದ ಬಟ್ಟಲನ್ನು ತೋರಿಸಿದಳು. “ಬಾತುಕೋಳಿ ಕೊಬ್ಬು. ತಿಕ್ಕೊಂಡಿದ್ದೀನಿ. ನಿನ್ನ ಬಾಟಲಿ ಕಿಟಕಿಯಾಚೆ ಇದೆ. ಬಾಗಿಲು ಹಾಕು, ಗಾಳಿ ಬರುತ್ತೆ.”

ಕಿಟಕಿಯ ಹೊರಗಿನ ಕಟ್ಟೆಯ ಮೇಲೆ ಕಂದು ಬಾಟಲಿ ಇತ್ತು. ಅವನು ಬಾಗಿಲು ಹಾಕಿದ. ಸೌದೆ ಪೆಟ್ಟಿಗೆಯ ಮೇಲೆ ಕೂತ. ಹೇಳಿಕೊಂಡು ಬಂದ ಸುಳ್ಳು, ಬೇರೆ ಏನೂ ತೋಚದ್ದರಿಂದ, ತಾನಾಗಿ ಬಾಯಿಗೆ ಬಂತು.

“ಚಿಕ್ಕಮ್ಮಾ, ಅದು ಹಳೇದು. ಸತ್ವ ಇಲ್ಲ. ಅದಕ್ಕೇ ಹೊಸದು...”

“ಸತ್ವ ಇಲ್ವಾ? ನನ್ನನ್ನ ಸುಟ್ಟು ಬೂದಿ ಮಾಡೋವಷ್ಟು ಸತ್ವ ಇತ್ತು. ಮುಚ್ಚಳ ತೆಗೆದರೆ ಪೆಟ್ರೋಲ್ ಬಂಕು.” ಅವಳು ಲಂಗ ಕೆಳಗೆ ಎಳೆದುಕೊಂಡಳು. “ದೆಸಾಂಕಾ ಆಗಲೇ ಹೊರಟೋಗಿದ್ಲು. ಒಳ್ಳೇದಾಯ್ತು. ಇದ್ದಿದ್ರೆ ನಿಮ್ಮ ಅಂಗಳಕ್ಕೆ ಬಂದು ಕೂಗಾಡ್ತಿದ್ಲು. ಓಬ್ರೆನ್‌ಗೂ ಹೇಳಿಲ್ಲ.”

ಒಲೆಯಲ್ಲಿ ಸೌದೆ ಕುಸಿಯಿತು. ಮಿಲುಟಿನ್ ಕೈಯಲ್ಲಿದ್ದ ಬಾಟಲಿಯನ್ನೇ ನೋಡುತ್ತಿದ್ದ.

“ಯಾವಾಗಿಂದ ಗೊತ್ತು?”

“ನಿನ್ನ ಮೂಗು ಸತ್ತಿರೋದಾ? ನಿಮ್ಮ ಮನೆ ಬೆಕ್ಕಿಗೂ ಗೊತ್ತು ಕಣೋ. ಜ್ವರ ಬಂದ ಮೊದಲನೇ ವರ್ಷ ನೀನು ಬೇಗ ‘ಈಗ’ ಅಂದುಬಿಟ್ಟೆ. ಮನೆದೇವರ ಹಬ್ಬಕ್ಕೆ ಬಂದೋರೆಲ್ಲ ಬೆಳಿಗ್ಗೆ ತಲೆ ಹಿಡ್ಕೊಂಡು ಎದ್ರು. ಪಾದ್ರಿಯವರು ಮನೆಗೆ ಹೋಗಿ ಪರದೆ ಎಳ್ಕೊಂಡು ಮಲಗಿಬಿಟ್ರು. ಆ ಪೀಪಾಯಿ ಪೂರ್ತಿ ತಿಕ್ಕೋದಕ್ಕೆ ಅಂತ ಊರಿಗೆ ಹಂಚಿದ್ವಿ. ಎಲ್ಲರ ಮೊಣಕಾಲೂ ನಿನ್ನ ಪುಣ್ಯದಿಂದ ಇಷ್ಟು ದಿನ ನೆಟ್ಟಗಿತ್ತು. ಅದೇ ಈಗ ಮುಗಿದದ್ದು.”

“ಹೋದ ವರ್ಷ? ಹೋದ ವರ್ಷ ಸರಿಯಾಗಿತ್ತಲ್ಲ. ಎಲ್ಲ ಹೊಗಳಿದ್ರು.”

“ನಿನ್ನನ್ನ ಕರೆಯೋಕೆ ಮುಂಚೆ ಮೊದಲಿನದನ್ನ ತೆಗೆದು ಎತ್ತಿಟ್ಟಿರ್ತಾರೆ. ಆಮೇಲೆ ನೀನು ಯಾವಾಗ ಅಂದ್ರೂ ಸರಿಯೇ.”

ಅವನಿಗೆ ತನ್ನ ಬೆರಳುಗಳು ಕಂಡವು. ಹನಿಯನ್ನು ತಿಕ್ಕಿ, ಅಷ್ಟು ಗಂಭೀರವಾಗಿ ಬೆಳಕಿಗೆ ಹಿಡಿದು ನೋಡಿದ ಬೆರಳುಗಳು. ಸುತ್ತ ನಿಂತು ಉಸಿರು ಬಿಗಿಹಿಡಿದಂತೆ ಮುಖ ಮಾಡಿಕೊಂಡಿದ್ದವರು. ಕಿವಿ ಸುಟ್ಟಂತಾಯಿತು.

“ಯಾಕೆ ಹೇಳಲಿಲ್ಲ?”

“ಹೇಳಿದ್ರೆ ಬರ್ತಿದ್ದೆಯಾ?”

ಬರುತ್ತಿರಲಿಲ್ಲ. ಅದು ಅವನಿಗೂ ಗೊತ್ತಿತ್ತು. ಮುದುಕಿ ಒಲೆಯ ಕಡೆ ತಿರುಗಿ, ಕೋಲಿನಿಂದ ಬಾಗಿಲನ್ನು ಒತ್ತಿ ಮುಚ್ಚಿದಳು. ಅದು ಮತ್ತೆ ಸಂದಿ ಬಿಟ್ಟಿತು.

“ಚಿಕ್ಕಮ್ಮಾ,” ಎಂದ ಅವನು, ನೆಲ ನೋಡುತ್ತ. “ಗೊತ್ತಾದ ಕೂಡಲೇ ನಾನು ಓಡಿ ಬರಲಿಲ್ಲ. ಮೊದಲು ನಡೆದೆ.”

“ಗೊತ್ತು. ಕಿಟಕಿಯಿಂದ ನೋಡ್ತಾ ಇದ್ದೆ.”

ಅವಳು ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿದ್ದರೆ ಹಗುರವಾಗುತ್ತಿತ್ತು. ಆ ಕಿಟಕಿಯಿಂದ ತೋಪಿನ ಎಲ್ಲ ಸಾಲುಗಳೂ ಕಾಣುತ್ತವೆ. ತಾನು ಟೋಪಿ ಸರಿಮಾಡಿಕೊಂಡು, ಬಾಟಲಿ ತೂಗಿಸಿಕೊಂಡು, ಹುಲ್ಲು ನೋಡುತ್ತ ಬಂದದ್ದನ್ನು ಒಲೆಯ ಪಕ್ಕ ಕೂತು ಇವಳು ಪೂರ್ತಿ ನೋಡಿದ್ದಾಳೆ. ಪೆಟ್ರೋಲನ್ನು ಕಿಟಕಿಯಾಚೆ ಇಟ್ಟು, ಇವನು ಯಾವಾಗ ಬರುತ್ತಾನೆ, ಹೇಗೆ ಬರುತ್ತಾನೆ ಎಂದು ಕಾದು ಕೂತಿದ್ದಾಳೆ.

“ಆಮೇಲೆ ಓಡಿದ್ದೂ ನೋಡಿದೆ,” ಎಂದಳು. “ಟೋಪಿ ಕೊನೇ ಸಾಲಲ್ಲಿ ಬಿದ್ದಿದೆ. ಹೋಗ್ತಾ ತಗೋ. ಆ ಬಾಟಲಿ ಇಲ್ಲಿ ಕೊಡು. ತೆಗೆದು ಮೂಸ್ತೀನಿ, ಬೇಜಾರು ಮಾಡ್ಕೋಬೇಡ.”

ಅವಳು ಮುಚ್ಚಳ ತೆಗೆದು ಮೂಸಿದಳು. ತಲೆಯಾಡಿಸಿ ಒಲೆಯಿಂದ ದೂರ, ಗೋಡೆಯ ಮೂಲೆಯಲ್ಲಿ ಇರಿಸಿಕೊಂಡಳು. ಹೊರಗಿನಿಂದ ಓಬ್ರೆನ್ ಕೂಗಿದ.

“ಅಣ್ಣಾ, ಬಾ! ಇಳೀತಾ ಇದೆ!”

“ಹೋಗು,” ಎಂದಳು ಸ್ತಾಮೆಂಕಾ. “ನಾನು ಹೇಳಿದೆ ಅನ್ನಬೇಡ. ಅವರಿಗೆ ನಾಚಿಕೆ ಆಗುತ್ತೆ.”

ಚಪ್ಪರದಡಿ ಹೊಗೆ ಕಡಿಮೆಯಾಗಿ ಬೆಂಕಿ ಹದಕ್ಕೆ ಬಂದಿತ್ತು. ಭಟ್ಟಿಯ ಕೊಳವೆಯಿಂದ ಧಾರೆ ಸಣ್ಣಗೆ ಪಾತ್ರೆಗೆ ಬೀಳುತ್ತಿತ್ತು. ಓಬ್ರೆನ್ ಪುಟ್ಟ ಲೋಟವನ್ನು ಧಾರೆಗೆ ಹಿಡಿದು, ಒರೆಸಿ, ಎರಡೂ ಕೈಯಲ್ಲಿ ಕೊಟ್ಟ, ಅವನ ಅಪ್ಪ ಇವನ ಅಪ್ಪನಿಗೆ ಕೊಡುತ್ತಿದ್ದ ಹಾಗೆ. ಗ್ವೋಜ್ಡೆನ್ ಕೂಡ ಬಾಯಿ ಮುಚ್ಚಿಕೊಂಡು ನಿಂತ. ಮಿಲುಟಿನ್ ಲೋಟ ತೆಗೆದುಕೊಂಡ. ಮೂಗಿನ ಹತ್ತಿರಕ್ಕೆ ಬರುವಷ್ಟರಲ್ಲಿ ಕೈ ತಾನಾಗಿ ನಿಂತಿತು. ಓಬ್ರೆನ್‌ನ ಬೋಳುತಲೆಯ ಮೇಲೆ ಮಂಜಿನ ಹನಿಗಳು ಕೂತಿದ್ದವು. ಕಿವಿಗಳು ಚಳಿಗೆ ಕೆಂಪಾಗಿದ್ದವು. ಸೆಕೆಯವನ ಕಿವಿಯಲ್ಲ ಅದು. ಮಿಲುಟಿನ್ ಸುತ್ತ ನೋಡಿದ. ಸೌದೆ ರಾಶಿಯ ಹಿಂದೆ, ಒಂದು ಮರದ ದಿಮ್ಮಿಯ ಮೇಲೆ, ಓಬ್ರೆನ್‌ನ ಉಣ್ಣೆಯ ಟೋಪಿ ಇತ್ತು. ಬಿದ್ದಿರಲಿಲ್ಲ, ಯಾವುದನ್ನೋ ಮುಚ್ಚಿ ನಿಂತಿತ್ತು.

ಲೋಟವನ್ನು ಹಾಗೇ ಹಿಡಿದುಕೊಂಡು ಅವನು ಆ ದಿಮ್ಮಿಯ ಹತ್ತಿರ ಹೋದ. ಹಿಂದೆ ಯಾರೋ ಉಸಿರೆಳೆದುಕೊಂಡ ಸದ್ದಾಯಿತು. ಟೋಪಿ ಎತ್ತಿದ. ಅದರಡಿ ಗಾಜಿನ ಜಾಡಿ, ಮೊದಲ ಇಳಿತ ಕಾಲುಭಾಗ ತುಂಬಿತ್ತು, ಅದರ ಗೋಡೆಗೆ ಇನ್ನೂ ಹಬೆ ಹಿಡಿದಿತ್ತು. ಬೆಚ್ಚಗಿದ್ದ ಟೋಪಿಯನ್ನು ತಂದು ಓಬ್ರೆನ್‌ನ ತಲೆಯ ಮೇಲಿಟ್ಟು, ಕಿವಿ ಮುಚ್ಚುವಂತೆ ಕೆಳಗೆ ಎಳೆದ. ಮಗುವಿಗೆ ಹಾಕುವ ಹಾಗೆ.

“ಹಾಕ್ಕೋ. ಮೂರು ವರ್ಷದಿಂದ ಚಳೀಲಿ ನಿಂತಿದ್ದೀಯ.”

ಓಬ್ರೆನ್ ಟೋಪಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಗ್ವೋಜ್ಡೆನ್ ಬೆಂಕಿಯ ಮುಂದೆ ಬಗ್ಗಿ, ಚೆನ್ನಾಗೇ ಉರಿಯುತ್ತಿದ್ದ ಕೊಂಬೆಯೊಂದನ್ನು ಹೊರಗೆಳೆದು ಮತ್ತೆ ಒಳಗೆ ತಳ್ಳಿದ.

“ನನಗೆ ಏನೂ ತಿಳಿಯಲ್ಲ, ಓಬ್ರೆನ್,” ಎಂದು ಮಿಲುಟಿನ್ ಲೋಟ ಚಾಚಿದ. “ನೀನು ಮೂಸಿ ಹೇಳು. ನಾನು ಪಾತ್ರೆ ಹಿಡೀತೀನಿ.”

ಅವನು ಮಂಡಿಯೂರಿ ಪಾತ್ರೆ ಹಿಡಿದ. ಮೇಲಿನಿಂದ ಓಬ್ರೆನ್ ಮೂಗೆಳೆದುಕೊಳ್ಳುವುದು ಕೇಳಿಸಿತು, ಮೂಸುವುದಕ್ಕೋ ಬೇರೆ ಯಾವುದಕ್ಕೋ ಹೇಳಲಾಗದು.

ಮನೆಗೆ ಬಂದಾಗ ಮೆಷಿನ್ನು ಬಿಟ್ಟುಹೋದ ಹಾಗೇ ಹೊಟ್ಟೆ ತೋರಿಸಿಕೊಂಡು ಮಲಗಿತ್ತು. ಪೆಟ್ರೋಲಿನ ಬಾಟಲಿಯನ್ನು ಹಲಗೆಯ ಮೇಲಿಟ್ಟ. ಅದರ ಪಕ್ಕಕ್ಕೆ, ಗ್ವೋಜ್ಡೆನ್ ಬಲವಂತವಾಗಿ ಕೋಟಿನ ಜೇಬಿಗೆ ತುರುಕಿದ ಇವತ್ತಿನ ರಾಕಿಯಾದ ಬಾಟಲಿ. ಅದೂ ಕಂದು. ಯಾವುದು ಯಾವುದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಕರೆದ.

“ಮುದುಕೀ! ಬಾ ಇಲ್ಲಿ.”

ಜಗೋರ್ಕಾ ಉಪ್ಪುಗೈಯಲ್ಲೇ ಬಂದಳು. “ಊಟ ಆರಿಹೋಯ್ತು. ಎಲ್ಲಿ ಹೋಗಿದ್ದೆ ಮುದುಕಾ, ಕಾಲೆಲ್ಲ ಕೆಸರು?”

“ಇದರಲ್ಲಿ ಪೆಟ್ರೋಲ್ ಯಾವುದು, ಮೂಸಿ ಹೇಳು.”

ಅವಳು ಅವನ ಮುಖವನ್ನು ನೋಡಿದಳು. ಬೆಳಗಿನಿಂದ ಅವನು ಹೆದರಿದ್ದ ನೋಟ ಇದಲ್ಲ. ಬಹಳ ದಿನದಿಂದ ಎತ್ತಿ ಹಿಡಿದುಕೊಂಡಿದ್ದ ಏನನ್ನೋ ಕೆಳಗಿಟ್ಟವಳ ಹಾಗಿತ್ತು. ಬಗ್ಗಿ ಒಂದನ್ನು ಮೂಸಿದಳು. “ಇದು,” ಎಂದಳು. ಏಪ್ರನ್ನಿನ ಪಟ್ಟಿಯಿಂದ ಕೆಂಪು ದಾರವೊಂದನ್ನು ಹಲ್ಲಿನಲ್ಲಿ ಕಡಿದು ಅದರ ಕತ್ತಿಗೆ ಸುತ್ತಿ ಗಂಟು ಹಾಕಿದಳು. “ಕೋಸು ಹದಕ್ಕೆ ಬಂತಾ ಮೂಸಿ ನೋಡು ಅಂತ ನಾನು ಕೇಳೋದು ಬಿಟ್ಟು ಎಷ್ಟು ಕಾಲ ಆಯ್ತು, ಗಮನ ಇದೆಯಾ ನಿನಗೆ?”

“ಈಗ ಬಂತು.”

“ಮೀಸೆ ತೊಳ್ಕೊಂಡು ಬಾ. ಆ ನಾತದಲ್ಲಿ ಇವತ್ತು ನಿನ್ನ ಪಕ್ಕ ಮಲಗೋಕಾಗಲ್ಲ,” ಎಂದಳು. ಆದರೆ ಹೋಗಲಿಲ್ಲ. ಮೆಷಿನ್ನನ್ನು ನೆಟ್ಟಗೆ ನಿಲ್ಲಿಸಲು ಒಂದು ಕೈ ಕೊಟ್ಟಳು.

ಪ್ಲಗ್ಗನ್ನು ಮತ್ತೆ ಬಿಚ್ಚಿ, ಈ ಸಲ ಪೆಟ್ರೋಲಿನಲ್ಲಿ ಒರೆಸಿ, ಅದು ಕೂರುವ ತೂತಿನೊಳಗೆ ಒಂದೆರಡು ಹನಿ ಎಣ್ಣೆ ಬಿಟ್ಟು, ಪ್ಲಗ್ಗನ್ನು ಹಾಕಿದ. ಬ್ಲೇಡು ಕೂರಿಸಿದ. ಇನ್ನೊಂದೇ ಉಳಿದಿತ್ತು. ಹಗ್ಗವನ್ನು ಶುರು ಮಾಡುವಾಗ ಎಳೆಯುವ ಹಾಗಲ್ಲ, ಮೆಲ್ಲಗೆ, ಎಣ್ಣೆ ಒಳಗೆ ಎಲ್ಲ ಕಡೆ ಹರಡುವಂತೆ ಎಳೆಯಬೇಕು. ಒಳಗಿನ ಬಾಯಿಗಳೆಲ್ಲ ಮುಚ್ಚಿಕೊಂಡು ಹಗ್ಗ ಬಿಗಿಯುವ ಒಂದು ಗಳಿಗೆ ಬರುತ್ತದೆ, ಅಲ್ಲಿಗೆ ನಿಲ್ಲಿಸಿದರೆ ಚಳಿಗಾಲದ ತೇವ ಒಳಗೆ ಹೋಗುವುದಿಲ್ಲ. ಅವನು ಕಣ್ಣು ಮುಚ್ಚಿ ಎಳೆದ. ಹಗ್ಗ ಸಡಿಲಾಗಿ ಬಂತು, ಬಂತು, ಆಮೇಲೆ ಅಂಗೈಯೊಳಗೆ ಏನೋ ತಡೆದು ಹಿಡಿಯಿತು.

“ಈಗ,” ಎಂದ ಮಿಲುಟಿನ್. ಜಗೋರ್ಕಾ ಹಳೆಯ ಹಾಸಿಗೆಯ ಬಟ್ಟೆಯನ್ನು ಕೊಡವಿ ಮೆಷಿನ್ನಿನ ಮೇಲೆ ಹೊದಿಸಿದಳು.